ಒಬ್ಬ ಡಾಕ್ಟರಿಗೆ ಒಂದೇ ಕಾಯಿಲೆ

ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದಾಗ ಅಂಗಡಿಯವನು ಸುದ್ದಿ ಹೇಳಿದ.

"ನಿಮ್ ಕಂಡಕ್ಟ್ರು ಹೋಗ್ಬಿಟ್ರಂತೆ ಮೇಡಂ. ಹಾರ್ಟ್ ಅಟ್ಯಾಕ್ ಅಂತೆ. ಭಾಳ ಒಳ್ಳೇ ಮನುಷ್ಯ. ಕುಡಿತ ಒಂದು ಇರಲಿಲ್ಲ ಅಂದಿದ್ರೆ ಇನ್ನೂ ನಾಕ್ ದಿನ ಇರ್ತಿದ್ರು."

"ಅವರು ಕುಡೀತಿದ್ರು ಅಂತ ನಿನಗ್ಯಾರಪ್ಪ ಹೇಳಿದ್ದು?" ಎಂದೆ.

"ಯಾರ್ ಹೇಳ್ಬೇಕು ಮೇಡಂ, ಊರಿಗೇ ಗೊತ್ತಿರೋದಲ್ವಾ?" ಎಂದು ಅವನು ಹಾಲಿನ ಪಾತ್ರೆಗೆ ತಿರುಗಿಕೊಂಡ.

ಟೀ ಅರ್ಧಕ್ಕೇ ಬಿಟ್ಟು ಎದ್ದೆ. ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ವಿದ್ಯಾರ್ಥಿಗಳೂ ಹೇಳುತ್ತಾರೆ, ಇರಲಿ. ಆ ಮನುಷ್ಯ ಜೀವಮಾನದಲ್ಲಿ ಒಂದು ಹನಿ ಕುಡಿದವರಲ್ಲ. ಅವರು ಬದುಕಿದ್ದಷ್ಟು ದಿನ ಈ ವಿಷಯದಲ್ಲಿ ನಾನು ಬಾಯಿ ಬಿಡುವಂತಿರಲಿಲ್ಲ. ಈಗ ಬಿಡುತ್ತೇನೆ.

ನಾನು ಚಿತ್ರದುರ್ಗದಲ್ಲಿ, ನಮ್ಮ ಬಾಯಲ್ಲಿ ಬರೀ ದುರ್ಗದಲ್ಲಿ, ಮನೆ ಮಾಡಿಕೊಂಡು ಹೊಸದುರ್ಗದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಬೆಳಿಗ್ಗೆ ಹೊಳಲ್ಕೆರೆ ಮೇಲೆ ಹೋಗುವ ಒಂದು ಖಾಸಗಿ ಬಸ್ಸು, ಸಂಜೆ ಅದೇ ಬಸ್ಸು ವಾಪಸ್ಸು. ಅದರ ಕಂಡಕ್ಟರು ಅವರು. ನನ್ನ ಸರ್ವಿಸು ಪಾಠದ ಕೋಣೆಯಲ್ಲಿ ಹೆಚ್ಚು ಕಳೆಯಿತೋ ಆ ಬಸ್ಸಿನಲ್ಲಿ ಹೆಚ್ಚು ಕಳೆಯಿತೋ ಎಂದು ಯಾರಾದರೂ ಕೇಳಿದರೆ ಯೋಚನೆ ಮಾಡಿ ಹೇಳಬೇಕಾಗುತ್ತದೆ.

ಅವರಿಗೆ ಯಾರ ಹೆಸರೂ ಬೇಕಿರಲಿಲ್ಲ. ಪ್ರಯಾಣಿಕರನ್ನೆಲ್ಲ ಅವರವರು ಇಳಿಯುವ ಊರಿನಿಂದಲೇ ಕರೆಯುತ್ತಿದ್ದರು. "ಏ ಚಿತ್ರಹಳ್ಳಿ ಗೇಟು, ಚೀಲ ದಾರಿಗೆ ಅಡ್ಡ ಇಟ್ಟಿದೀಯಲ್ಲಪ್ಪ." "ಹೊಳಲ್ಕೆರೆ ಅಜ್ಜಿ, ಎದ್ದೇಳವ್ವ, ನಿನ್ನೂರು ಬಂತು." ನಾನು ಹೊಸದುರ್ಗ ಮೇಡಂ. ಒಮ್ಮೆ ಯಾರದೋ ಮದುವೆಗೆಂದು ಹೊಳಲ್ಕೆರೆಯಲ್ಲಿ ಇಳಿಯಲು ಎದ್ದಾಗ, "ಇದೇನ್ರಿ ಹೊಸದುರ್ಗ, ಹೊಳಲ್ಕೆರೆಯಾಗೆ ಇಳೀತಿದೀರಿ?" ಎಂದು ಇಡೀ ಬಸ್ಸಿನ ಮುಂದೆ ನನ್ನನ್ನು ವಿಚಾರಿಸಿಕೊಂಡಿದ್ದರು. ಮದುವೆಮನೆಯ ಊಟದ ಮೇಲೂ ಆ ಪ್ರಶ್ನೆ ನನ್ನ ಹಿಂದೆಯೇ ಇತ್ತು.

ಕುರಿ ಸಾಕುವ ಮನೆತನ ಅವರದು. ಅಣ್ಣ ಆಗಲೂ ಹಿಂಡು ಕಟ್ಟಿಕೊಂಡು ಹಿರಿಯೂರು ಕಡೆಯ ಬಯಲಲ್ಲಿ ಓಡಾಡುತ್ತಿದ್ದ. ಬಸ್ಸು ತುಂಬಿದಾಗ ಜನರನ್ನು ಒಳಕ್ಕೆ ಸರಿಸುವ ರೀತಿ ನೋಡಿದರೇ ಅದು ಗೊತ್ತಾಗುತ್ತಿತ್ತು. ಯಾರನ್ನೂ ಮುಟ್ಟುತ್ತಿರಲಿಲ್ಲ. ನಾಲಿಗೆಯಲ್ಲಿ ಒಂದು ಸಣ್ಣ ಸದ್ದು ಮಾಡಿ ಕೈಯನ್ನು ಹೀಗೆ ಗಾಳಿಯಲ್ಲಿ ತೂರಿದರೆ ಜನ ತಾವಾಗಿಯೇ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದರು. ನಾನೂ ಎಷ್ಟೋ ಸಲ ಹಾಗೆ ಹೋಗಿ ನಿಂತು, ನಿಂತಮೇಲೆ ಸಿಡಿಮಿಡಿಗೊಂಡಿದ್ದೇನೆ.

ಕುಡಿದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕಾಲಿಟ್ಟ ಗಳಿಗೆಯಲ್ಲೇ ಮೂಸಿ ಕಂಡುಹಿಡಿಯುತ್ತಿದ್ದರು. "ಇಳಿಯಪ್ಪ, ಹೆಣ್ಮಕ್ಕಳು ಕುಂತವ್ರೆ" ಎನ್ನುವುದು, ಅವನು ಜಗಳಕ್ಕೆ ನಿಂತರೆ ಮಾತಾಡದೆ ಅವನ ಚೀಲವನ್ನು ಕೆಳಗಿಡುವುದು. ಒಮ್ಮೆ ಹಾಗೆ ಇಳಿಸಿದ್ದು ತಮ್ಮ ಸ್ವಂತ ಷಡ್ಡಕನನ್ನೇ. ಆ ಮನೆಯವರು ಎಷ್ಟೋ ದಿನ ಮಾತು ಬಿಟ್ಟಿದ್ದರಂತೆ.

ಇಂಥವರು ಒಂದು ದಿನ ಹೊಳಲ್ಕೆರೆಯಲ್ಲಿ ಬಸ್ಸಿನಿಂದ ಇಳಿದು ಎರಡು ಹೆಜ್ಜೆ ಇಟ್ಟು ವಿದ್ಯುತ್ ಕಂಬವನ್ನು ತಬ್ಬಿಕೊಂಡು ನಿಂತರು. ಕಿಟಕಿಯಿಂದ ನೋಡುತ್ತಿದ್ದ ನನಗೆ ಯಾರನ್ನೋ ತಮಾಷೆ ಮಾಡುತ್ತಿದ್ದಾರೆ ಅನ್ನಿಸಿತು. ಆಮೇಲೆ ಮುಖ ನೋಡಿದೆ. ಬೆವರು ಹರಿಯುತ್ತಿತ್ತು, ಕಣ್ಣು ಮುಚ್ಚಿದ್ದವು, ಕಂಬ ಬಿಟ್ಟರೆ ಭೂಮಿಯೇ ಕೊಡವಿ ಬಿಸಾಡುತ್ತದೆ ಎನ್ನುವ ಹಾಗೆ ಹಿಡಿದಿದ್ದರು. ಬಸ್ಸಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು, ಬಂದು ಸೀಟಿ ಊದಿದರು. ಬಸ್ಸು ಹೊರಟಮೇಲೆ ಏನೂ ಆಗದವರಂತೆ ಟಿಕೆಟ್ ಹರಿಯುತ್ತಿದ್ದರು.

ಆ ಗುಟ್ಟನ್ನು ಅವರೇ ಹೇಳಿದ್ದು ಎಷ್ಟೋ ತಿಂಗಳಾದ ಮೇಲೆ. "ಓಡೋ ಬಸ್ಸಿನಾಗೆ ಎಲ್ಲಾರೂ ತೂಗಾಡ್ತಾರೆ ಮೇಡಂ, ಅವ್ರ ಜತಿಗೆ ನಾನೂ ತೂಗಾಡ್ತೀನಿ. ಯಾರಿಗೂ ಗೊತ್ತಾಗಲ್ಲ. ಗಾಡಿ ನಿಂತಾಗ್ಲೇ ನನ್ ಮಾನ ಹೋಗಾದು." ನಗುತ್ತಲೇ ಹೇಳಿದರು. ಮನೆಯಲ್ಲಿ ತಲೆ ಸುತ್ತು ಬಂದರೆ ಗೋಡೆಯ ಒಂದು ಮೊಳೆಯನ್ನು ದಿಟ್ಟಿಸುತ್ತ ಅಲುಗಾಡದೆ ಮಲಗಿರುತ್ತಿದ್ದರಂತೆ. ಕಣ್ಣು ಮುಚ್ಚಿದರೂ ಸುತ್ತುತ್ತದೆ, ತೆರೆದರೂ ಸುತ್ತುತ್ತದೆ, ಮಗ್ಗುಲು ಬದಲಾಯಿಸುವ ಹಾಗಿಲ್ಲ, ಹೆಂಡತಿ ಮಾತಾಡಿಸಿದರೂ ಹೊಟ್ಟೆ ತೊಳೆಸುತ್ತದೆ. ಗಂಟೆಗಟ್ಟಲೆ ಹಾಗೆಯೇ. "ನನ್ನ ಮೈಯೊಳಗೆ ನನ್ನೇ ಕೂಡಿ ಹಾಕಿ ಚಿಲಕ ಹಾಕ್ದಂಗೆ" ಎಂದಿದ್ದರು.

ಆದರೆ ಅವರನ್ನು ನಿಜವಾಗಿ ಹೆದರಿಸಿದ್ದು ಬೇರೆ. ಕುರಿ ಹಿಂಡಿನಲ್ಲಿ ಕೆಲವೊಮ್ಮೆ ಒಂದು ಕುರಿ ಕತ್ತು ವಾರೆ ಮಾಡಿಕೊಂಡು ನಿಂತಲ್ಲೇ ಸುತ್ತತೊಡಗುತ್ತದೆ. ಅದರ ಮೆದುಳಿಗೆ ಹುಳ ಹೊಕ್ಕಿರುತ್ತದೆ. ಕುರಿ ಸಾಕುವವರ ಮನೆಯ ಮಕ್ಕಳಿಗೂ ಅದು ಗೊತ್ತು. "ಸುತ್ತೋ ಕುರೀನ ಯಾರೂ ಹಿಂಡಿನಾಗೆ ಇಟ್ಕಳಲ್ಲ ಮೇಡಂ. ನಮ್ಮಪ್ಪ ಸಂಜೆ ಹೊತ್ತಿಗೆ ಅದನ್ನ ಸಾಗಹಾಕಿಬಿಡಾನು." ಇಷ್ಟು ಹೇಳಿ, ತಮ್ಮ ತಲೆಯನ್ನೊಮ್ಮೆ ಮುಟ್ಟಿ ನೋಡಿಕೊಂಡು, ಟಿಕೆಟ್ ಹರಿಯಲು ಮುಂದೆ ಹೋದರು. ಅಂದಿನಿಂದ ಅವರ ಕಂಬ ಹಿಡಿಯುವ ಕೈ ನೋಡಿದಾಗಲೆಲ್ಲ ನನಗೂ ಆ ಕುರಿಯೇ ಕಾಣುತ್ತಿತ್ತು.

ಮೊದಲು ಎಲ್ಲರೂ ಹೇಳಿದ್ದು ಪಿತ್ತ. ನಮ್ಮ ಕಡೆ ತಲೆ ಸುತ್ತಿದರೆ ಅದು ಪಿತ್ತವೇ. ನಿಂಬೆಹಣ್ಣು, ಜೀರಿಗೆ ಕಷಾಯ, ತಲೆಗೆ ಹರಳೆಣ್ಣೆ ಎಲ್ಲ ಆಯಿತು. ನಂತರ ಹೊಳಲ್ಕೆರೆಯ ಡಾಕ್ಟರು ಬಿಪಿ ನೋಡಿ, ಸರಿಯಾಗಿದೆ ಎಂದು ತಲೆ ಸುತ್ತಿನ ಮಾತ್ರೆ ಕೊಟ್ಟರು. ಕಂಡಕ್ಟರ ಹೆಂಡತಿಯ ತವರು ಹಿರಿಯೂರು ಪಕ್ಕದ ಬಬ್ಬೂರು, ಹೆಂಡತಿಯ ಅಣ್ಣ ಅಲ್ಲಿಯ ಕೃಷಿ ಫಾರಂನಲ್ಲಿ ಕೆಲಸಕ್ಕಿದ್ದ. ಅವನು ಇವರನ್ನು ಹಿರಿಯೂರಿನ ಮೂಳೆ ಡಾಕ್ಟರ ಹತ್ತಿರ ಕರೆದೊಯ್ದ. ಅಲ್ಲಿ ಕತ್ತಿನ ಎಲುಬು ಸವೆದಿದೆ ಎಂದು ಪಟ್ಟಿ ಹಾಕಿ ಕಳಿಸಿದರು. ಆ ಪಟ್ಟಿ ಕಟ್ಟಿಕೊಂಡು ಬಸ್ಸಿನಲ್ಲಿ ಬಗ್ಗಿ ಟಿಕೆಟ್ ಕೊಡಲಾಗದೆ, ಕಾಲೇಜು ಹುಡುಗಿಯರೆಲ್ಲ "ಅಂಕಲ್, ಟೈ ಚೆನ್ನಾಗೈತೆ" ಎಂದು ಕಾಡಿ, ಹದಿನೈದು ದಿನಕ್ಕೆ ಅದು ಡ್ರೈವರ್ ಸೀಟಿನ ಹಿಂದೆ ಬಿತ್ತು. ಆಮೇಲೆ ದುರ್ಗದ ನರದ ಡಾಕ್ಟರು ತಲೆಗೆ ಸ್ಕ್ಯಾನಿಂಗ್ ಮಾಡಿಸಿದರು. ಹುಳ ಇರಲಿಲ್ಲ. ಅವತ್ತು ಬಸ್ಸಿನಲ್ಲಿದ್ದವರಿಗೆಲ್ಲ ಅವರು ಪೇಡ ಹಂಚಿದರು. ಯಾತಕ್ಕೆಂದು ಗೊತ್ತಿದ್ದವಳು ನಾನೊಬ್ಬಳೇ. ಮುಂದಿನ ವಾರವೇ ಮತ್ತೆ ಕಂಬ ತಬ್ಬಿಕೊಂಡರು.

ಇಷ್ಟೆಲ್ಲ ಒಂದೆರಡು ವರ್ಷ ಎಳೆದಾಡಿತು. ಕೊನೆಗೆ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ, ಮಟಮಟ ಮಧ್ಯಾಹ್ನ, ತುಂಬಿದ ಜನರ ನಡುವೆ, ಸಂತೆಗೆ ಬಂದವರ ಬುಟ್ಟಿಗಳ ಮೇಲೆ ಬಿದ್ದರು. ಏಳಲು ಹೋಗಿ ಮತ್ತೆ ಬಿದ್ದರು. ವಾಂತಿ ಆಯಿತು. ಯಾರೋ "ಹಾಡುಹಗಲೇ ಏರಿಸಿದಾನೆ ನೋಡ್ರಲೇ" ಎಂದ. ಇನ್ನೊಬ್ಬ ಮೊಬೈಲ್ ತೆಗೆದು ವಿಡಿಯೋ ಮಾಡಿದ. ಡ್ರೈವರು ಅವರನ್ನು ಎತ್ತಿ ಬಸ್ಸಿನೊಳಗೆ ಕೂರಿಸುವಷ್ಟರಲ್ಲಿ ಆ ವಿಡಿಯೋ ಊರೂರು ತಿರುಗುತ್ತಿತ್ತು. ಸಂಜೆಯೊಳಗೆ ಮಾಲೀಕರ ಫೋನಿಗೂ ಬಂತು. ಸೋಮವಾರ ಬಂದು ಕಾಣು ಎಂದು ಹೇಳಿ ಕಳಿಸಿದರು.

ಅಂದು ಸಂಜೆ ಟಿಕೆಟ್ ಕೆಲಸವನ್ನು ಕ್ಲೀನರಿಗೆ ಕೊಟ್ಟು ಅವರು ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದರು. ಏನು ಕೇಳಿದರೂ ಉತ್ತರವಿಲ್ಲ. ನನಗೆ ರೇಗಿತು. ಭುಜ ತಟ್ಟಿದೆ.

"ಆ ಕಡೆಯಿಂದ ಮಾತಾಡಬ್ಯಾಡ್ರಿ ಮೇಡಂ, ಎಡಗಿವಿ ಕೇಳ್ಸಲ್ಲ" ಎಂದರು. "ಗುಂಯ್ ಅಂತಾನೇ ಇರ್ತೈತೆ. ತಲೆ ಸುತ್ತು ಬರೋಕೆ ಮುಂಚೆ ನೀರು ತುಂಬ್ಕಂಡಂಗೆ ಗಪ್ ಅಂತ ಮುಚ್ಕಂತೈತೆ."

"ಇದನ್ನ ನರದ ಡಾಕ್ಟರಿಗೆ ಹೇಳಿದ್ರಾ?"

"ಕಿವಿ ವಿಷ್ಯ ಅವ್ರಿಗ್ಯಾಕೆ? ಅದಕ್ಕೆ ಕಿವಿ ಡಾಕ್ಟ್ರ ಹತ್ರ ಬ್ಯಾರೆ ಹೋಗಿದ್ದೆ, ದುರ್ಗದಾಗೇ. ಗುಗ್ಗೆ ತೆಗೆದು ಡ್ರಾಪ್ಸ್ ಕೊಟ್ರು."

"ಅವರಿಗೆ ತಲೆ ಸುತ್ತಿನ ವಿಷಯ ಹೇಳಿದ್ರಾ?"

"ಅವ್ರೇ ಕೇಳಿದ್ರು, ತಲೆ ಗಿಲೆ ಸುತ್ತುತ್ತಾ ಅಂತ. ಇಲ್ಲ ಅಂದೆ."

ನಾನು ಅವರ ಮುಖವನ್ನೇ ನೋಡಿದೆ. ಅವರು ನನಗೆ ತಿಳಿಸಿ ಹೇಳುವವರಂತೆ ಮೆತ್ತಗೆ ಹೇಳಿದರು. "ತಲೇದು ನರದ ಡಾಕ್ಟ್ರು ನೋಡ್ತಾ ಅವರಲ್ಲ ಮೇಡಂ. ಅದನ್ನ ತಗಂಡೋಗಿ ಇನ್ನೊಬ್ರ ಮುಂದೆ ಇಟ್ರೆ ಅವ್ರಿಗೆ ಅವಮಾನ ಅಲ್ವಾ? ಒಬ್ಬ ಡಾಕ್ಟ್ರಿಗೆ ಒಂದೇ ಕಾಯಿಲೆ ಹೇಳ್ಬೇಕು. ಎರಡು ಹೇಳಿದ್ರೆ ಎರಡೂ ಕೆಡ್ತಾವೆ. ಒಂದೇ ದೇವ್ರಿಗೆ ಎರಡು ಹರಕೆ ಕಟ್ಕಂತಾರಾ?"

ನಮ್ಮ ಕಡೆ ಇದು ಅವರೊಬ್ಬರ ಮಾತಲ್ಲ. ನಮ್ಮ ಅತ್ತೆಯೂ ಮಂಡಿ ನೋವು ತೋರಿಸಲು ಹೋದಾಗ ಎದೆ ಉರಿಯ ಸುದ್ದಿ ಎತ್ತುತ್ತಿರಲಿಲ್ಲ, "ಆ ಡಾಕ್ಟ್ರಿಗೆ ಮಂಡೀದು ಕೊಟ್ಟೀವಿ" ಎನ್ನುತ್ತಿದ್ದರು, ಹೊಲ ಗುತ್ತಿಗೆಗೆ ಕೊಟ್ಟವರಂತೆ. ಆದರೂ ಸರಿಯಾದ ಡಾಕ್ಟರ ಎದುರಿಗೇ ಕೂತು, ಸರಿಯಾದ ಪ್ರಶ್ನೆಯನ್ನೇ ಕೇಳಿಸಿಕೊಂಡು, ಮರ್ಯಾದೆಗಾಗಿ ಇಲ್ಲ ಎಂದು ಎದ್ದು ಬಂದವರನ್ನು ನಾನು ಅವತ್ತೇ ನೋಡಿದ್ದು. ಬಸ್ಸಿನಲ್ಲಿ ಅಷ್ಟು ಜನರಿದ್ದಾರೆ ಎನ್ನುವುದನ್ನೂ ಮರೆತು ಕೂಗಾಡಿಬಿಟ್ಟೆ. ಚಿತ್ರಹಳ್ಳಿ ಗೇಟಿನವರೆಗೂ ಬೈದೆ. ಅವರು ಬಲಗಿವಿ ನನ್ನ ಕಡೆ ಮಾಡಿ ಎಲ್ಲವನ್ನೂ ಕೇಳಿಸಿಕೊಂಡರು.

ಶನಿವಾರ ಅದೇ ಕಿವಿ ಡಾಕ್ಟರ ಹತ್ತಿರ ಅವರು, ಅವರ ಹೆಂಡತಿ, ನಾನು ಮೂವರೂ ಹೋದೆವು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಏನು ತೊಂದರೆ ಎಂದರೆ ಇವರು ಮತ್ತೆ "ಕಿವಿ" ಎಂದು ನಿಲ್ಲಿಸಿದರು. ಹೆಂಡತಿ ಹಿಂದಿನಿಂದ ಚುಚ್ಚಿದರು. ಆಗ ಎಲ್ಲ ಹೊರಗೆ ಬಂತು. ಕಂಬ, ಮೊಳೆ, ವಾಂತಿ, ಕತ್ತಿನ ಪಟ್ಟಿ, ಕುರಿಯ ಹುಳ ಕೂಡ. ಡಾಕ್ಟರು ಬರೆಯುವುದನ್ನು ಬಿಟ್ಟು ಕೇಳಿಸಿಕೊಂಡರು. ಕಿವಿಗೆ ಯಂತ್ರ ಹಾಕಿ ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು.

"ಕಿವಿ ಇರೋದು ಬರೀ ಕೇಳೋದಕ್ಕಲ್ಲ" ಎಂದರು ಆಮೇಲೆ. "ಮನುಷ್ಯ ಬೀಳದೆ ನಿಲ್ಲೋದಕ್ಕೂ ಒಳಗಿವಿ ಸರಿಯಾಗಿರಬೇಕು. ಅದರೊಳಗೆ ಒಂಥರಾ ನೀರಿರುತ್ತೆ, ನಿಮಗೆ ಅದರ ಒತ್ತಡ ಏರುತ್ತಿದೆ. ಮಾತು ತೊದಲಿದರೆ, ಕೈಕಾಲು ಸೋತರೆ, ಒಂದು ಎರಡಾಗಿ ಕಂಡರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೆ, ನರದವರ ಹತ್ತಿರ ಓಡಬೇಕು. ಆದರೆ ತಲೆ ಸುತ್ತಿನ ಜೊತೆಗೆ ಒಂದೇ ಕಿವಿ ಗುಂಯ್ ಅಂದರೆ, ಮುಚ್ಚಿಕೊಂಡರೆ, ಮಂದವಾದರೆ ನಮ್ಮ ಹತ್ತಿರ ಬರಬೇಕು. ಬಂದೂ ಇದ್ರಲ್ಲ, ಯಾಕೆ ಇಲ್ಲ ಅಂದ್ರಿ?"

ಇವರು ತಲೆ ಬಗ್ಗಿಸಿದರು. "ಹುಳ ಅಲ್ಲ ತಾನೇ ಅವ್ವ?" ಎಂದರು.

"ಹುಳ ಅಲ್ಲ" ಎಂದು ಆ ಹುಡುಗಿ ನಕ್ಕಳು. ಉಪ್ಪು ಕಡಿಮೆ ಮಾಡಿ, ಮಾತ್ರೆ ತಪ್ಪಿಸಬೇಡಿ, ಸುತ್ತು ಕಡಿಮೆಯಾಗುತ್ತ ಬರುತ್ತದೆ ಎಂದಳು. ಹಾಗೆಯೇ ಆಯಿತು ಕೂಡ. ಮುಂದೆ ಅವರು ಉಪ್ಪಿನಕಾಯಿ ಕಂಡರೆ ಮುಖ ತಿರುಗಿಸುವವರಾದರು, ವರ್ಷ ಕಳೆಯುವಷ್ಟರಲ್ಲಿ ಕಂಬ ಹಿಡಿಯುವುದು ಅಪರೂಪವಾಯಿತು. ಆದರೆ ಎಡಗಿವಿಯಲ್ಲಿ ಹೋದದ್ದು ಬಹಳಮಟ್ಟಿಗೆ ಹೋದಂತೆಯೇ ಎಂದಳು. ಮೊದಲ ಸಲವೇ ಹೇಳಿದ್ದರೆ ಎಂದು ಶುರುಮಾಡಿ, ಅವರ ಮುಖ ನೋಡಿ ಬಿಟ್ಟುಬಿಟ್ಟಳು.

ಆಮೇಲೆ ನಾನು ಕುಡಿತದ ಆರೋಪದ ವಿಷಯ ಹೇಳಿದೆ. ಅವಳಿಗೂ ಸಿಟ್ಟು ಬಂತು. "ಇದು ಕಾಯಿಲೆ ಅಂತ ಬರೆದು ಕೊಡ್ತೀನಿ, ಯಾರಿಗೆ ಬೇಕಾದರೂ ತೋರಿಸಿ. ಆದರೆ ಸುತ್ತು ಹತೋಟಿಗೆ ಬರೋವರೆಗೂ ಓಡೋ ಬಸ್ಸಲ್ಲಿ, ಬಾಗಿಲ ಹತ್ತಿರ ನಿಲ್ಲೋ ಕೆಲಸ ಬೇಡ. ಅದನ್ನೂ ಬರೀತೀನಿ."

ಇವರ ಮುಖದಲ್ಲಿ ಆಗಷ್ಟೇ ಬಂದಿದ್ದ ಕಳೆ ಇಳಿದುಹೋಯಿತು. ಹೆಂಡತಿ ಮಾತ್ರ ಅದನ್ನು ನೋಡಲಿಲ್ಲ. ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು. "ಬಬ್ಬೂರಿಂದ ಅಣ್ಣ ಫೋನ್ ಮಾಡಿ ಬಾಯಿಗೆ ಬಂದಂಗೆ ಅಂದ ಮೇಡಂ. ನೀರಿಗೆ ಹೋದ್ರೆ ಹೆಂಗಸ್ರು ಮಾತು ನಿಲ್ಲಿಸ್ತಾರೆ. ಬಸ್ ಸಾಹುಕಾರ್ರ ಬಾಯಾಗೆ ಇವ್ರು ಕುಡುದಿರಲಿಲ್ಲ ಅಂತ ಒಂದು ಮಾತು ಬಂದ್ರೆ ಸಾಕು. ನನಗೆ ಇನ್ನೇನೂ ಬ್ಯಾಡ." ಆ ಕಾಗದವನ್ನು ನನ್ನ ಬ್ಯಾಗಿನಲ್ಲೇ ಇಟ್ಟುಕೊಳ್ಳಲು ಹೇಳಿದರು. ಓದಿದವರ ಕೈಯಲ್ಲಿದ್ದರೆ ತೂಕ ಎಂದು ಅವರ ಲೆಕ್ಕ.

ಸೋಮವಾರ ದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ, ಮಾಲೀಕರ ಸಣ್ಣ ಕೋಣೆಗೆ ಹೋದೆವು. ಹೆಂಡತಿ ಬಾಗಿಲಾಚೆ ಬೆಂಚಿನ ಮೇಲೆ ಕೂತರು. ಮಾಲೀಕರು ಕೆಟ್ಟವರೇನಲ್ಲ. ನನಗೆ ಕುರ್ಚಿ ಹಾಕಿಸಿದರು, "ಕುಂತ್ಕಳ್ರಿ ಮೇಡಂ" ಎಂದರು. ನಂತರ ಇವರ ಕಡೆ ತಿರುಗಿ ನಕ್ಕೇಬಿಟ್ಟರು.

"ಏನಪ್ಪ, ನೀನೂ ಶುರು ಮಾಡಿದ್ಯಾ? ಇಷ್ಟು ದಿನ ಊರಿಗೆಲ್ಲ ಬುದ್ಧಿ ಹೇಳ್ತಿದ್ದೆ. ನೋಡು, ನಾವೂ ಒಂದೊಂದಿನ ತಗಳೋರೇ. ಕುಡುದಿದ್ರೆ ಕುಡುದಿದ್ದೆ ಅನ್ನು. ಬೈತೀನಿ, ಅಲ್ಲಿಗೆ ಮುಗೀತು, ನಾಳೆ ಗಾಡಿ ಹತ್ತು. ಕಾಯಿಲೆ ಗೀಯಿಲೆ ಅಂದ್ರೆ ಮಾತ್ರ ಕಷ್ಟ. ಬಾಗಿಲಾಗಿಂದ ಬಿದ್ದು ಏನಾದ್ರೂ ಆದ್ರೆ ನನ್ ತಲಿಗೆ ಬರ್ತೈತೆ. ಕಾಯಿಲೆ ಆದ್ರೆ ಮನೇಲಿರು, ನಾನು ಬ್ಯಾರೆಯೋರನ್ನ ನೋಡ್ಕಂತೀನಿ."

ನಾನು ಬ್ಯಾಗಿನ ಜಿಪ್ಪಿಗೆ ಕೈ ಹಾಕಿದೆ. ಅವರು ನನ್ನ ಕಡೆ ತಿರುಗಿ ನೋಡಿದರು. ಅಷ್ಟು ವರ್ಷ ಬಸ್ಸಿನಲ್ಲಿ ಎಷ್ಟು ಸಾವಿರ ಸಲ ನನ್ನನ್ನು ನೋಡಿದ್ದರೋ, ಹಾಗೆ ಎಂದೂ ನೋಡಿರಲಿಲ್ಲ. ಬೇಡಿಕೊಳ್ಳುತ್ತಿದ್ದರು. ಮನೆಯ ಆ ಕತ್ತಲ ಕೋಣೆ, ಗೋಡೆಯ ಮೊಳೆ, ಹಿಂಡಿನಿಂದ ಬೇರೆ ಮಾಡಿದ ಕುರಿ, ಎಲ್ಲ ಆ ಕಣ್ಣಲ್ಲಿತ್ತು. ಕಾಗದ ಹೊರಗೆ ಬಂದರೆ ಅವರ ಹೆಸರು ಉಳಿಯುತ್ತಿತ್ತು, ಬಸ್ಸು ಉಳಿಯುತ್ತಿರಲಿಲ್ಲ. ನನ್ನ ಕೈ ಜಿಪ್ಪಿನ ಮೇಲೇ ನಿಂತಿತು.

"ಕುಡುದಿದ್ದೆ ಸಾಹುಕಾರ್ರೆ" ಎಂದರು. "ತಪ್ಪಾತು."

ನನಗೆ ಅಳು ಬಂತು, ಅವರ ಕೆನ್ನೆಗೆ ಎರಡು ಬಿಗಿಯಬೇಕು ಅಂತಲೂ ಅನ್ನಿಸಿತು. ಅವರು ಮೆಲ್ಲಗೆ ಹೇಳಿದೆ ಎಂದುಕೊಂಡೇ ಹೇಳಿದ್ದರು. ಆದರೆ ಕಿವಿ ಮಂದವಾಗುತ್ತ ಬಂದಂತೆ ಅವರ ದನಿ ಅವರಿಗೇ ತಿಳಿಯದೆ ಏರಿತ್ತು. ಹೊರಗೆ ಟೀ ಹಿಡಿದು ನಿಂತಿದ್ದ ಡ್ರೈವರುಗಳು, ಕ್ಲೀನರುಗಳು ಮಾತು ನಿಲ್ಲಿಸಿದ್ದು ನನಗೆ ಒಳಗೇ ಗೊತ್ತಾಯಿತು. ಯಾರೋ ಕಿಸಕ್ಕನೆ ನಕ್ಕರು.

ಹೊರಗೆ ಬಂದಾಗ ಅವರ ಹೆಂಡತಿ ಬೆಂಚಿನಿಂದ ಎದ್ದು ನಿಂತಿದ್ದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗಂಡನ ಎಡಗಡೆಗೆ ಬಂದು, ಜನರ ನಡುವೆ ಅವರ ಜೊತೆ ಹೆಜ್ಜೆ ಹಾಕಿದರು. ನಾನು ಹಿಂದೆ ಇದ್ದೆ.

"ಒಂಚೂರು ಮೆಲ್ಲಗಾದ್ರೂ ಹೇಳಬಾರದಾಗಿತ್ತಾ?" ಎಂದರು ಆಕೆ.

ಅವರಿಗೆ ಕೇಳಿಸಲಿಲ್ಲ. ಸ್ವಲ್ಪ ದೂರ ಹೋದಮೇಲೆ ತಾವಾಗಿಯೇ ಹೆಂಡತಿಯ ಕಡೆ ತಿರುಗಿ, ಇಡೀ ಸ್ಟ್ಯಾಂಡಿಗೆ ಕೇಳಿಸುವ ಹಾಗೆ, ಖುಷಿಯಿಂದ ಹೇಳಿದರು. "ನಾಳಿಂದ ಗಾಡಿ ಹತ್ತು ಅಂದ್ರು ಕಣೇ."